ಮರದ ನಾದವನ್ನು ಅರಸಿದ ರಾಮನ್

ಯಶವಂತಪುರದ ಕಡೆಯಿಂದ ಮೇಖ್ರಿ ವೃತ್ತದತ್ತ ಬರುವ ರಸ್ತೆಯು ಸರ್ ಸಿ. ವಿ. ರಾಮನ್ ಅವರ ಹೆಸರನ್ನು ಹೊತ್ತಿದೆ. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಉಳಿದಿರುವ, ಅವರು ನಿರ್ದೇಶಕರಾಗಿದ್ದ ವಿಜ್ಞಾನ ಸಂಸ್ಥೆಯು ಅದರ ಪಕ್ಕದಲ್ಲಿಯೇ ಇದೆ. ಮೇಖ್ರಿ ವೃತ್ತದ ಸಮೀಪದಲ್ಲಿ, ಒಂದು ಕಾಲಕ್ಕೆ ಹೆಬ್ಬಾಳದ ಅಂಚೆಯ ವಿಳಾಸವಿದ್ದ ತೋಟದ ನಡುವೆ, ಅವರೇ ಕಟ್ಟಿ ಬೆಳೆಸಿದ ಸಂಶೋಧನಾಲಯವಿದೆ. ಬೆಳಕಿನ ವಿಜ್ಞಾನಿಯೆಂದೇ ನಾವೆಲ್ಲ ಅವರನ್ನು ಬಲ್ಲೆವು. ಆದರೆ ಬೆಳಕಿಗೆ ಮುನ್ನ ಅವರನ್ನು ಸೆಳೆದುದು ಮರ ಮತ್ತು ತಂತಿ ಎಂಬುದನ್ನು ಬಲ್ಲವರು ವಿರಳ.

ನಾನು ಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವನು. ಈಗ ಯಲಹಂಕದ ಮನೆಯ ಹಿತ್ತಿಲ ಕೋಣೆಯಲ್ಲಿ ಗರಗಸ, ಉಳಿ, ಉಜ್ಜುಗೊರಡುಗಳನ್ನು ಇಟ್ಟುಕೊಂಡು, ಮಣೆ, ಪುಸ್ತಕದ ಕಪಾಟು ಮೊದಲಾದ ಸಣ್ಣಪುಟ್ಟ ವಸ್ತುಗಳನ್ನು ಮಾಡುತ್ತ ಬಿಡುವನ್ನು ಕಳೆಯುತ್ತೇನೆ. ಒಳ್ಳೆಯ ಬಡಗಿಯು ಹಲಗೆಯನ್ನು ಕೊಳ್ಳುವ ಮುನ್ನ ಬೆರಳ ಗೆಣ್ಣಿನಿಂದ ತಟ್ಟಿ ಅದರ ದನಿಯನ್ನು ಕೇಳುತ್ತಾನೆ. ಬಿರುಕಿದ್ದರೆ, ಹಸಿಯಿದ್ದರೆ, ಆ ದನಿಯೇ ಹೇಳಿಬಿಡುತ್ತದೆ. ಬಡಗಿಯು ಕಿವಿಯಿಂದ ಅರಿಯುವ ಈ ಗುಟ್ಟನ್ನು ರಾಮನ್ ಅವರು ಅಳತೆಗೆ ಒಳಪಡಿಸಿದರು. ಅವರ ಜೀವನವನ್ನು ಈ ಒಂದು ಎಳೆಯನ್ನು ಹಿಡಿದು ನೋಡುವುದು ನನ್ನ ಉದ್ದೇಶ.

ಅವರು ಹುಟ್ಟಿದುದು ೧೮೮೮ರ ನವೆಂಬರ್ ೭ರಂದು, ತಿರುಚಿನಾಪಳ್ಳಿಗೆ ಸಮೀಪದ ತಿರುವಾನೈಕಾವಲಿನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಅವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಉಪನ್ಯಾಸಕರು, ಪಿಟೀಲು ಬಾರಿಸಬಲ್ಲವರು. ಮಗನ ಕಿವಿಗೆ ಮೊದಲು ಬಿದ್ದ ವಾದ್ಯ ಅದೇ. ಎಳೆಯ ವಯಸ್ಸಿನಲ್ಲಿಯೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರು ನಾದಸಂವೇದನೆಯನ್ನು ಕುರಿತು ಬರೆದ ಮಹಾಗ್ರಂಥ ಅವರ ಕೈಸೇರಿತು. ತಮ್ಮ ಮನಸ್ಸನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಇದನ್ನೂ ಒಂದೆಂದು ಅವರು ಮುಂದೆ ಎಣಿಸಿದರು. ೧೯೦೭ರಲ್ಲಿ ಅವರ ಕೈಹಿಡಿದ ಲೋಕಸುಂದರಿ ಅವರು ವೀಣೆಯನ್ನು ನುಡಿಸುತ್ತಿದ್ದರು. ಹೀಗೆ ಪಿಟೀಲಿನ ಮನೆಯಲ್ಲಿ ಬೆಳೆದವರ ಸಂಸಾರವನ್ನು ವೀಣೆಯು ಪ್ರವೇಶಿಸಿತು.

ಅಂದಿನ ಕಾಲದಲ್ಲಿ ವಿಜ್ಞಾನವನ್ನು ನಂಬಿ ಬದುಕುವ ದಾರಿ ನಮ್ಮ ದೇಶದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಮದರಾಸಿನಲ್ಲಿ ಎಂ.ಎ. ಪದವಿಯನ್ನು ಪಡೆದ ತರುಣ ರಾಮನ್, ೧೯೦೭ರಲ್ಲಿಯೇ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಅಲ್ಲಿಯ ಬೌಬಜಾರ್ ಬೀದಿಯಲ್ಲಿ, ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ೧೮೭೬ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವು ಪ್ರಯೋಗ ಮಾಡುವವರಿಲ್ಲದೆ ಹಾಳು ಸುರಿಯುತ್ತಿತ್ತು. ಅದರ ಫಲಕವನ್ನು ಕಂಡ ರಾಮನ್ ಒಳಹೊಕ್ಕರು. ರಂಗೂನು, ನಾಗಪುರಗಳಿಗೆ ವರ್ಗವಾದ ಅಲ್ಪ ಕಾಲವನ್ನು ಬಿಟ್ಟರೆ, ಹತ್ತು ವರ್ಷ ಅವರ ದಿನಚರಿ ಒಂದೇ: ಮುಂಜಾನೆ ಸಂಘದಲ್ಲಿ ಪ್ರಯೋಗ, ಹಗಲು ಕಛೇರಿಯಲ್ಲಿ ಲೆಕ್ಕಪತ್ರ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗ. ಮುಂದೆ ಸಂಘಕ್ಕೆ ಹೊಂದಿಕೊಂಡ ಮನೆಯಲ್ಲಿಯೇ ನೆಲೆಸಿ, ಮನೆಗೂ ಪ್ರಯೋಗಶಾಲೆಗೂ ನಡುವೆ ಒಂದು ಬಾಗಿಲನ್ನು ಇರಿಸಿಕೊಂಡರು. ಈ ಹತ್ತು ವರ್ಷಗಳ ಕೆಲಸಕ್ಕೆ ಯಾರೂ ಅವರಿಗೆ ಸಂಬಳ ಕೊಡಲಿಲ್ಲ. ಲೋಕದ ಲೆಕ್ಕದಲ್ಲಿ ಅದು ಹವ್ಯಾಸ.

ಹವ್ಯಾಸಿಗೆ ಬೆಲೆಬಾಳುವ ಉಪಕರಣಗಳು ಎಲ್ಲಿಂದ ಬರಬೇಕು? ಕೈಗೆ ಸಿಕ್ಕ ಮರ, ತಂತಿ, ಹಿತ್ತಾಳೆಗಳಿಂದಲೇ ಕೆಲಸ ಸಾಗಬೇಕು. ರಾಮನ್ ಅವರು ೧೯೦೯ರಲ್ಲಿಯೇ ಭಿಕ್ಷುಕರು ಮೀಟುವ ಏಕತಾರಿಯ ಮೇಲೆ ಪ್ರಬಂಧ ಬರೆದರು. ಈ ಕಾರ್ಯದಲ್ಲಿ ಅವರ ಬಲಗೈಯಾಗಿದ್ದವರು ಸಂಘದ ಸಹಾಯಕ ಆಶುತೋಷ ಡೇ. ಕಾಲೇಜಿನ ಮೆಟ್ಟಿಲು ತುಳಿಯದ ಈ ಕುಶಲಿಯ ಹೆಸರು ರಾಮನ್ ಅವರ ಹೆಸರಿನೊಡನೆ ಪ್ರಬಂಧಗಳಲ್ಲಿ ಅಚ್ಚಾಯಿತು. ಅಷ್ಟೇ ಅಲ್ಲ, ೧೯೧೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರೊಬ್ಬರದೇ ಹೆಸರಿನಲ್ಲಿ ಒಂದು ಪ್ರಬಂಧವು ಹೊರಬಂದಿತು. ಕೈಕೆಲಸದವನನ್ನು ವಿದ್ವಾಂಸರ ಪಂಕ್ತಿಯಲ್ಲಿ ಕೂರಿಸುವ ಈ ನಡತೆ ಅಂದಿಗೆ ಅಪೂರ್ವವಾದುದು, ಇಂದಿಗೂ ಸಾಮಾನ್ಯವಲ್ಲ.

೧೯೧೭ರಲ್ಲಿ, ಆದಾಯವು ಕಡಿಮೆಯಾದರೂ ಚಿಂತಿಸದೆ, ರಾಮನ್ ಅವರು ಸರಕಾರಿ ಹುದ್ದೆಯನ್ನು ತ್ಯಜಿಸಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಮರುವರ್ಷ ಪಿಟೀಲಿನ ವರ್ಗದ ವಾದ್ಯಗಳನ್ನು ಕುರಿತ ಅವರ ದೀರ್ಘ ಪ್ರಬಂಧ ಪ್ರಕಟವಾಯಿತು. ಪಿಟೀಲು ಮೇಲ್ನೋಟಕ್ಕೆ ಒಂದು ಮರದ ಪೆಟ್ಟಿಗೆ. ಮೇಲಿನ ಹಲಗೆ ಸ್ಪ್ರೂಸ್ ಮರದ್ದು; ಬೆನ್ನು ಮತ್ತು ಪಕ್ಕಗಳು ಮೇಪಲ್ ಮರದವು; ಒಳಗೆ, ಕುದುರೆಯ ಒಂದು ಕಾಲಿನ ಹತ್ತಿರ, ಎರಡು ಹಲಗೆಗಳ ನಡುವೆ ಒಂದು ಪುಟ್ಟ ಕಡ್ಡಿಯು ಊರಿ ನಿಂತಿರುತ್ತದೆ. ರಾಳ ಸವರಿದ ಕಮಾನು ತಂತಿಯನ್ನು ಹಿಡಿದೆಳೆದು ಜಾರಿಬಿಡುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಈ ಹಿಡಿತ ಜಾರಿಕೆಗಳಿಗೂ ಮರದ ಕಂಪನಕ್ಕೂ ಇರುವ ಸಂಬಂಧವನ್ನು ಅವರು ವಿವರಿಸಿದರು. ಪಿಟೀಲಿನ ಬಳಗದ ದೊಡ್ಡ ವಾದ್ಯಗಳಲ್ಲಿ ಯಾವುದೋ ಒಂದು ಸ್ವರವು ನಿಲ್ಲಲಾರದೆ ತೊದಲುವುದುಂಟು. ಪಾಶ್ಚಾತ್ಯರು ಅದನ್ನು ತೋಳದ ಸ್ವರವೆನ್ನುತ್ತಾರೆ. ಆ ಸ್ವರದಲ್ಲಿ ಮರದ ಒಡಲು ತಾನೇ ಮೊಳಗಲು ಹೊರಟು, ಕಮಾನು ಕೊಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ತಂತಿಯಿಂದ ಹೀರುತ್ತದೆಂಬುದು ಅವರ ನಿರ್ಣಯ.

ವಾದಕನ ಕೈ ಪ್ರತಿಸಲವೂ ಒಂದೇ ಒತ್ತಡದಲ್ಲಿ ಎಳೆಯಲಾರದು. ಅದಕ್ಕಾಗಿ ೧೯೨೦ರಲ್ಲಿ ಅವರು ತಾನಾಗಿ ನುಡಿಯುವ ಪಿಟೀಲಿನ ಯಂತ್ರವನ್ನು ವರ್ಣಿಸಿದರು. ಅದರಲ್ಲಿ ಚಲಿಸುವುದು ಕಮಾನಲ್ಲ, ಪಿಟೀಲು! ಮರದ ತೊಟ್ಟಿಲಿನಲ್ಲಿ ಮಲಗಿದ ವಾದ್ಯವನ್ನು ವಿದ್ಯುತ್ ಮೋಟಾರು ಹಿಂದಕ್ಕೂ ಮುಂದಕ್ಕೂ ಸಮವೇಗದಲ್ಲಿ ಎಳೆಯುತ್ತದೆ; ಕಮಾನು ಸನ್ನೆಗೋಲಿನಿಂದ ತಂತಿಯನ್ನು ಒತ್ತಿ ನಿಂತಿರುತ್ತದೆ. ತೂಕವನ್ನು ಬದಲಿಸಿ ಒತ್ತಡವನ್ನು ಅಳೆಯಬಹುದು. ಕಮಾನು ಕುದುರೆಯ ಸಮೀಪಕ್ಕೆ ಬಂದಷ್ಟೂ ಸ್ವರವನ್ನು ನಿಲ್ಲಿಸಲು ಹೆಚ್ಚು ಒತ್ತಡ ಬೇಕಾಗುತ್ತದೆ. ಮರದ ಒಡಲು ಬಲವಾಗಿ ಮೊಳಗುವ ಸ್ವರಗಳಲ್ಲಿಯಂತೂ ಅದು ಇನ್ನೂ ಹೆಚ್ಚು. ಪ್ರತಿಯೊಬ್ಬ ವಾದಕನ ಮಣಿಕಟ್ಟಿಗೆ ತಿಳಿದಿದ್ದ ವಿಷಯವು ಮೊದಲ ಬಾರಿಗೆ ರೇಖಾಚಿತ್ರವಾಗಿ ಕಾಗದದ ಮೇಲೆ ಮೂಡಿತು.

ಅನಂತರ ಅವರ ದೃಷ್ಟಿಯು ನಮ್ಮ ವಾದ್ಯಗಳತ್ತ ಹೊರಳಿತು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದುವು ಯಾವ ಮೇಲುಸ್ವರಗಳಿಗೆ ನಿಶ್ಚಲ ಸ್ಥಾನವೋ, ಅವು ಕೇಳಿಸಬಾರದೆಂಬುದು ಯಂಗ್ ಎಂಬ ವಿಜ್ಞಾನಿಯ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮಕ್ಕೆ ಮಣಿಯುವುದಿಲ್ಲವೆಂದು ೧೯೨೧ರಲ್ಲಿ ರಾಮನ್ ತೋರಿಸಿದರು. ಕಾರಣ ಕುದುರೆ. ಪಿಟೀಲಿನ ಕುದುರೆಯ ಅಂಚು ತೆಳು. ನಮ್ಮ ವಾದ್ಯಗಳ ಕುದುರೆಯ ಬೆನ್ನು ಅಗಲ, ತುಸು ಬಾಗು. ಕಂಪಿಸುವ ತಂತಿಯು ಆ ಬಾಗಿಗೆ ಸವರಿ ಸವರಿ ಏಳುವುದರಿಂದ ಇರಬಾರದ ಸ್ವರಗಳೂ ತುಂಬಿ ಮೊಳಗುತ್ತವೆ. ತಂಬೂರಿಯಲ್ಲಿ ತಂತಿಯ ಕೆಳಗೆ ಸೇರಿಸುವ ಎಳೆದಾರವು ಆ ಸವರಿಕೆಯನ್ನು ಹದಗೊಳಿಸುತ್ತದೆ. ನಾವು ಅದನ್ನು ಜೀವವೆನ್ನುವುದು ಸಾರ್ಥಕವಾಗಿದೆ. ವೀಣೆಯಲ್ಲಿ ದಾರವಿಲ್ಲ, ಕುದುರೆಯ ಮೇಲಿನ ಲೋಹದ ಪಟ್ಟಿಯನ್ನು ಅರೆದು ಬಾಗಿಸುವ ಕುಶಲಿಯ ಕೈಯೇ ಎಲ್ಲವನ್ನೂ ನಿರ್ಣಯಿಸಬೇಕು.

ಮೃದಂಗದ ವಿಷಯವೂ ಹೀಗೆಯೇ. ಸಾಮಾನ್ಯವಾದ ಚರ್ಮದ ವಾದ್ಯದ ಮೇಲುಸ್ವರಗಳು ಶ್ರುತಿಗೆ ಹೊಂದುವುದಿಲ್ಲ. ಮೊದಲನೆಯದೇ ಮೂಲಸ್ವರದ ಸುಮಾರು ೧.೫೯ ರಷ್ಟು. ಮೃದಂಗದ ಬಲಮುಖದ ನಡುವೆ ಪದರ ಪದರವಾಗಿ ಮೆತ್ತಿದ ಕರಣೆಯ ಭಾರವು ಅವನ್ನು ತಿದ್ದಿ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಅನುಪಾತಕ್ಕೆ ತರುತ್ತದೆ. ೧೯೨೦ರಲ್ಲಿ ಆರಂಭಿಸಿದ ಈ ಶೋಧನೆಯನ್ನು ಅವರು ಪೂರ್ಣವಾಗಿ ಬರೆದುದು ೧೯೩೪ರಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಈ ನಡುವೆ ಬೆಳಕು ಅವರನ್ನು ಸಂಪೂರ್ಣವಾಗಿ ವಶಪಡಿಸಿಕೊಂಡಿತ್ತು. ೧೯೨೮ರ ಫೆಬ್ರವರಿ ೨೮ರ ಶೋಧವೂ, ೧೯೩೦ರ ನೊಬೆಲ್ ಬಹುಮಾನವೂ ವಾಚಕರಿಗೆ ತಿಳಿದ ಸಂಗತಿಗಳೇ. ಆದರೆ ನಾದ ಮತ್ತು ಬೆಳಕು ಎರಡೂ ತರಂಗಗಳೆಂಬುದನ್ನೂ, ಸರಳ ಉಪಕರಣದಿಂದ ಗಹನವಾದ ಪ್ರಶ್ನೆಯನ್ನು ಕೇಳುವ ಪಾಠವನ್ನು ಅವರು ಕಲಿತದ್ದು ತಂತಿಗಳ ನಡುವೆ ಎಂಬುದನ್ನೂ ಮರೆಯಬಾರದು. ೧೯೨೭ರಲ್ಲಿ ಜರ್ಮನಿಯಲ್ಲಿ ಹೊರಬಂದ ಭೌತಶಾಸ್ತ್ರದ ಬೃಹತ್ಕೋಶಕ್ಕೆ ಸಂಗೀತವಾದ್ಯಗಳ ಅಧ್ಯಾಯವನ್ನು ಬರೆದವರೂ ಅವರೇ.

೧೯೩೩ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆಡಳಿತದಲ್ಲಿ ಮನಸ್ತಾಪಗಳು ಹುಟ್ಟಿ ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟರೂ, ೧೯೪೮ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಬಳಿಕ, ಮೈಸೂರು ಸಂಸ್ಥಾನವು ವಿಜ್ಞಾನ ಅಕಾಡೆಮಿಗೆ ನೀಡಿದ್ದ ನೆಲದಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿಕೊಂಡು ಬಯಲನ್ನು ತೋಟವಾಗಿಸಿದರು. ಸರಕಾರದ ಹಣದ ಹಂಗನ್ನು ಅವರು ಒಲ್ಲರು. ವಿದ್ಯುತ್ತು ಬರುವ ಮೊದಲೇ ಸೂರ್ಯನ ಬೆಳಕು ಮತ್ತು ಕೆಲವು ಮಸೂರಗಳಿಂದ ಪ್ರಯೋಗ ನಡೆಸಿದರು. ೧೯೭೦ರ ನವೆಂಬರ್ ೨೧ರಂದು ಅಲ್ಲಿಯೇ ತೀರಿಕೊಂಡರು. ಆ ತೋಟದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ರಾಮನ್ ಅವರ ಈ ಕೆಲಸದಿಂದ ನಮಗೆ ದೊರೆತುದೇನು? ಪ್ರಾಚೀನ ವಾದ್ಯಶಿಲ್ಪಿಗಳ ನಾದಜ್ಞಾನವು ಅಂಧ ಸಂಪ್ರದಾಯವಲ್ಲ, ಪರೀಕ್ಷೆಗೆ ನಿಲ್ಲಬಲ್ಲ ಜ್ಞಾನವೆಂಬ ದೃಢವಾದ ಸಾಕ್ಷ್ಯ. ಕುದುರೆಯನ್ನು ಮೊದಲು ಬಾಗಿಸಿದವನ ಹೆಸರಾಗಲಿ, ಕರಣೆಯನ್ನು ಮೊದಲು ಮೆತ್ತಿದವನ ಹೆಸರಾಗಲಿ ನಮಗೆ ಉಳಿದಿಲ್ಲ. ಬರೆದಿಡುವವರು ಕೈಕೆಲಸ ಮಾಡಲಿಲ್ಲ, ಕೈಕೆಲಸದವರು ಬರೆದಿಡಲಿಲ್ಲ. ಈ ಒಡಕಿನಿಂದ ನಮ್ಮ ನಾಡು ತೆತ್ತ ಬೆಲೆ ಅಪಾರ. ಆಶುತೋಷ ಡೇ ಅವರ ಹೆಸರನ್ನು ಅಚ್ಚಿನಲ್ಲಿ ಕಾಣುವಾಗ, ಒಂದು ಪ್ರಯೋಗಶಾಲೆಯಲ್ಲಾದರೂ ಆ ಒಡಕು ಕೂಡಿತ್ತೆಂಬ ಸಮಾಧಾನವಾಗುತ್ತದೆ. ಪಠ್ಯಪುಸ್ತಕದಲ್ಲಿ ರಾಮನ್ ಪರಿಣಾಮವನ್ನು ಕಂಠಪಾಠ ಮಾಡಿಸುವ ನಾವು, ನಮ್ಮ ಮಕ್ಕಳ ಕೈಗೆ ಒಂದು ಉಳಿಯನ್ನು ಕೊಡಲು ಏಕೆ ಹಿಂಜರಿಯಬೇಕು?

ಅಧ್ಯಾಪಕ ಮಿತ್ರರು ಒಂದು ಕೆಲಸ ಮಾಡಬಹುದು. ಎರಡು ಮೂರು ಅಡಿ ಉದ್ದದ ಮರದ ಪೆಟ್ಟಿಗೆಯ ಮೇಲೆ ಒಂದು ತಂತಿಯನ್ನು ಬಿಗಿದು, ಎರಡು ತುದಿಗಳಿಗೂ ಚೂಪು ಅಂಚಿನ ಕುದುರೆಗಳನ್ನು ಇಡಿರಿ. ತಂತಿಯನ್ನು ನಟ್ಟನಡುವೆ ಮೀಟಿ, ಕೂಡಲೇ ಅದೇ ಸ್ಥಳವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದರೆ ದನಿ ಅಡಗುತ್ತದೆ. ಈಗ ಒಂದು ಕುದುರೆಯನ್ನು ತೆಗೆದು, ಅದರ ಎಡೆಯಲ್ಲಿ ಬೆನ್ನನ್ನು ಅಗಲವಾಗಿ, ತುಸುವೇ ಬಾಗಿಸಿ ಉಜ್ಜಿದ ಗಟ್ಟಿಮರದ ಕುದುರೆಯನ್ನು ಕೂರಿಸಿ, ಅಡಿಯಲ್ಲಿ ನೂಲಿನ ಎಳೆಯೊಂದನ್ನು ಅತ್ತಿತ್ತ ಸರಿಸಿ ಹದ ಮಾಡಿರಿ. ಮತ್ತೆ ನಡುವೆ ಮೀಟಿ, ನಡುವೆಯೇ ಮುಟ್ಟಿರಿ. ಈ ಸಲ ಮೇಲಿನ ಷಡ್ಜವು ಉಳಿದು ಕೇಳಿಸುತ್ತದೆ. ನನ್ನ ಹಿತ್ತಿಲ ಕೋಣೆಯಲ್ಲಿ ಇದನ್ನು ಕೇಳಿದ ನೆರೆಮನೆಯ ಮಕ್ಕಳು, ಕುದುರೆಯನ್ನು ತಾವೇ ಉಜ್ಜಿ ನೋಡುತ್ತೇವೆಂದು ಉಳಿಗಾಗಿ ಕೈಚಾಚಿದರು.