ಸೆರೆಮನೆಗಳ ಯಾತ್ರಿಕ ಜಾನ್ ಹೊವರ್ಡ್

ಪಾಠಪುಸ್ತಕಗಳಲ್ಲಿ ಜಾನ್ ಹೊವರ್ಡನಿಗೆ ದೊರೆಯುವ ಸ್ಥಳ ಎರಡು ಸಾಲು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೆರೆಮನೆಗಳ ಸುಧಾರಣೆಗೆ ದುಡಿದ ಮಹನೀಯನೆಂದು ಹೇಳಿ ಪುಸ್ತಕ ಮುಂದಿನ ವಿಷಯಕ್ಕೆ ಹೋಗಿಬಿಡುತ್ತದೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ನಾನೂ ಆ ಎರಡು ಸಾಲನ್ನು ವರ್ಷ ವರ್ಷವೂ ಹುಡುಗರಿಗೆ ಒಪ್ಪಿಸಿ ಮುಂದೆ ಸಾಗಿದವನೇ. ಆತನ ಜೀವನವನ್ನು ಮನಸ್ಸಿಟ್ಟು ಓದಿದ್ದು ನಿವೃತ್ತನಾದ ಮೇಲೆ. ಓದಿ ಮುಗಿಸಿದಾಗ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಅದರ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲು ಆತನ ಕಥೆ.

ಹೊವರ್ಡ್ ಹುಟ್ಟಿದ್ದು 1726ರಲ್ಲಿ, ಲಂಡನ್ನಿನ ಅನುಕೂಲಸ್ಥ ವರ್ತಕನೊಬ್ಬನ ಮಗನಾಗಿ. ತಾಯಿ ಎಳವೆಯಲ್ಲಿಯೇ ತೀರಿಕೊಂಡಳು. ವಿದ್ಯೆಯಲ್ಲಿ ಹುಡುಗನದು ಹೇಳಿಕೊಳ್ಳುವಂಥ ಚುರುಕಲ್ಲ. ತಂದೆ ಆತನನ್ನು ಸಗಟು ದಿನಸಿ ವ್ಯಾಪಾರಿಯೊಬ್ಬನಲ್ಲಿ ಕೆಲಸ ಕಲಿಯಲು ಬಿಟ್ಟನು. 1742ರಲ್ಲಿ ತಂದೆಯೂ ಹೋದ ಮೇಲೆ ಆಸ್ತಿ ಕೈಗೆ ಬಂದಿತು, ವ್ಯಾಪಾರದ ಹಂಗು ತಪ್ಪಿತು. ದೇಹ ದುರ್ಬಲ, ಮನಸ್ಸು ದೈವಭೀರು, ಊಟ ಉಡಿಗೆಗಳಲ್ಲಿ ಕಟ್ಟುನಿಟ್ಟು. ಒಮ್ಮೆ ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡಿದ, ತನಗಿಂತ ವಯಸ್ಸಿನಲ್ಲಿ ಬಹಳ ಹಿರಿಯಳಾದ ಮನೆಯೊಡತಿಯನ್ನು ಕೃತಜ್ಞತೆಯಿಂದಲೇ ಮದುವೆಯಾದನು. ಕೆಲವೇ ವರ್ಷಗಳಲ್ಲಿ, 1755ರಲ್ಲಿ, ಆಕೆಯೂ ತೀರಿಕೊಂಡಳು.

ಅದೇ ವರ್ಷ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಗಿತ್ತು. ಅಲ್ಲಿಗೆ ಹೋಗಬೇಕೆಂದು ಹೊವರ್ಡ್ ಹಡಗು ಹತ್ತಿದನು. ಇಂಗ್ಲೆಂಡಿಗೂ ಫ್ರಾನ್ಸಿಗೂ ವೈರ ಬೆಳೆದಿದ್ದ ಕಾಲ. ಫ್ರೆಂಚರು ಹಡಗನ್ನು ಹಿಡಿದು, ಅದರಲ್ಲಿದ್ದವರನ್ನೆಲ್ಲ ಬ್ರೆಸ್ಟ್ ಕೋಟೆಯ ನೆಲಮಾಳಿಗೆಗೆ ನೂಕಿದರು. ಆರು ರಾತ್ರಿ ಹುಲ್ಲಿನ ಮೇಲೆ ಮಲಗಿ, ಹಸಿವು ಬಾಯಾರಿಕೆಗಳನ್ನು ಸಹಿಸಿದನು. ಬಿಡುಗಡೆಯಾಗಿ ಬಂದ ಮೇಲೆ, ಹಿಂದೆ ಉಳಿದ ಜೊತೆಯವರಿಗಾಗಿ ಅಧಿಕಾರಿಗಳ ಬಾಗಿಲಿಗೆ ಅಲೆದನು. ಸೆರೆಯ ರುಚಿಯನ್ನು ಹೀಗೆ ಸ್ವತಃ ಉಂಡಿದ್ದರೂ ಅದು ಆತನಲ್ಲಿ ಫಲಿಸಲು ಹದಿನೇಳು ವರ್ಷ ಹಿಡಿಯಿತು.

ಆ ವರ್ಷಗಳನ್ನು ಬೆಡ್‌ಫರ್ಡ್ ಜಿಲ್ಲೆಯ ಕಾರ್ಡಿಂಗ್ಟನ್ ಎಂಬ ತನ್ನ ಹಳ್ಳಿಯಲ್ಲಿ ಕಳೆದನು. 1758ರಲ್ಲಿ ಹೆನ್ರಿಯೆಟ್ಟಾ ಎಂಬಾಕೆಯ ಕೈಹಿಡಿದನು. ದಂಪತಿಗಳು ಒಕ್ಕಲು ಮಕ್ಕಳ ಜೋಪಡಿಗಳನ್ನು ಕಿತ್ತು ಒಳ್ಳೆಯ ಮನೆ ಕಟ್ಟಿಸಿದರು, ಹುಡುಗರಿಗೆ ಶಾಲೆ ತೆರೆದರು. 1765ರಲ್ಲಿ ಗಂಡುಮಗುವನ್ನು ಹೆತ್ತು, ಬಾಣಂತನದಲ್ಲಿಯೇ ಹೆನ್ರಿಯೆಟ್ಟಾ ಕಣ್ಮುಚ್ಚಿದಳು. ಮತ್ತೆ ಹೊವರ್ಡನಿಗೆ ಸಂಸಾರವೆಂಬುದು ಕೂಡಿಬರಲಿಲ್ಲ.

1773ರಲ್ಲಿ ಆತನು ಬೆಡ್‌ಫರ್ಡ್ ಜಿಲ್ಲೆಯ ಷೆರೀಫನಾಗಿ ನೇಮಕಗೊಂಡನು. ಷೆರೀಫನ ಪದವಿ ಆಗ ಹೆಚ್ಚಾಗಿ ಠೀವಿಯ ಪದವಿ. ನ್ಯಾಯಾಧೀಶರು ಬಂದಾಗ ಮೆರವಣಿಗೆಯಲ್ಲಿ ಕರೆತಂದು, ಔತಣ ಮಾಡಿಸಿದರೆ ಮುಗಿಯಿತು. ಸೆರೆಮನೆಯೂ ಆತನ ಸುಪರ್ದಿಗೆ ಸೇರಿದ್ದೆಂಬುದು ಕಾಗದದ ಮೇಲಿತ್ತು. ಅದನ್ನು ಕೈಕೆಳಗಿನವರಿಗೆ ಬಿಡುವುದೇ ರೂಢಿ. ಹೊವರ್ಡ್ ಬಾಗಿಲು ತೆಗೆಸಿ ಒಳಗೆ ಹೋದನು. ಒಂದು ಶತಮಾನದ ಹಿಂದೆ ಜಾನ್ ಬನ್ಯನ್ ಸೆರೆಯಲ್ಲಿದ್ದ ಊರು ಅದೇ ಬೆಡ್‌ಫರ್ಡ್. ಮಿಶನರಿಗಳ ಅನುವಾದದ ಮೂಲಕ ಬನ್ಯನ್ನನ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರಿಗೂ ಪರಿಚಯವಾಗಿತ್ತು.

ಒಳಗೆ ಹೊವರ್ಡನಿಗೆ ಕಂಡದ್ದು ಇಷ್ಟು. ನ್ಯಾಯಾಲಯ ನಿರಪರಾಧಿಯೆಂದು ತೀರ್ಪಿತ್ತವರು ಸೆರೆಯಲ್ಲಿಯೇ ಉಳಿದಿದ್ದರು. ಫಿರ್ಯಾದಿ ಹೇಳುವವನೇ ಬಾರದೆ ಮೊಕದ್ದಮೆ ಬಿದ್ದುಹೋದವರೂ ಅಲ್ಲಿಯೇ ಇದ್ದರು. ಏಕೆಂದರೆ ಜೈಲರನಿಗೆ ಸಂಬಳವಿರಲಿಲ್ಲ. ಸೆರೆಯಾಳುಗಳು ತೆರುವ ಶುಲ್ಕವೇ ಆತನ ಜೀವನ. ಜೈಲರನಿಗೆ 15 ಷಿಲಿಂಗ್ 4 ಪೆನ್ಸ್, ಬೀಗ ತೆಗೆಯುವವನಿಗೆ 2 ಷಿಲಿಂಗ್. ಅದನ್ನು ತೆತ್ತ ಹೊರತು ಬಿಡುಗಡೆಯಿಲ್ಲ. ತೆರಲಾರದ ಬಡವನು ತಪ್ಪಿಲ್ಲದವನೆಂದು ಸಾಬೀತಾದ ಮೇಲೂ ತಿಂಗಳುಗಟ್ಟಲೆ ಕೊಳೆಯಬೇಕು.

ಜೈಲರನಿಗೆ ಜಿಲ್ಲೆಯ ಬೊಕ್ಕಸದಿಂದ ಸಂಬಳ ಕೊಡಿರೆಂದು ಹೊವರ್ಡ್ ಮ್ಯಾಜಿಸ್ಟ್ರೇಟರನ್ನು ಕೇಳಿದನು. ಅವರು ಕಠಿಣ ಹೃದಯದವರೇನೂ ಅಲ್ಲ. ಬೇಡಿಕೆ ನ್ಯಾಯವೇ, ಆದರೆ ಬೇರೆ ಜಿಲ್ಲೆಗಳಲ್ಲಿ ಹೀಗೆ ನಡೆದ ಪೂರ್ವನಿದರ್ಶನವಿದೆಯೇ ಎಂದು ವಿಚಾರಿಸಿದರು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಬೇಡವೆನ್ನುವುದಕ್ಕೆ ಇದಕ್ಕಿಂತ ಸಭ್ಯವಾದ ದಾರಿಯಿಲ್ಲ. ಮತ್ತೊಬ್ಬನಾಗಿದ್ದರೆ ಮನೆಗೆ ಹೋಗುತ್ತಿದ್ದನು. ಹೊವರ್ಡ್ ಕುದುರೆಯೇರಿ ನಿದರ್ಶನ ಹುಡುಕಲು ಹೊರಟನು. ನೆರೆಯ ಜಿಲ್ಲೆಗಳನ್ನು ಸುತ್ತಿದನು, ಅವುಗಳ ಆಚೆಯವನ್ನೂ ಸುತ್ತಿದನು. ನಿದರ್ಶನ ಎಲ್ಲಿಯೂ ದೊರೆಯಲಿಲ್ಲ. ಹೋದಲ್ಲೆಲ್ಲ ಅದೇ ಅನ್ಯಾಯ ಕಂಡಿತು.

ಅದರ ಜೊತೆಗೆ ಕಂಡದ್ದು ಜೈಲುಜ್ವರ. ಹೇನುಗಳಿಂದ ಹರಡುವ ಟೈಫಸ್ ಎಂದು ಇಂದು ನಾವು ಬಲ್ಲ ಈ ರೋಗ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಸೆರೆಯಾಳುಗಳನ್ನು ಕಬಳಿಸುತ್ತಿತ್ತು. ಗಲ್ಲಿಗೇರಿ ಸತ್ತವರಿಗಿಂತ ಜ್ವರದಿಂದ ಸತ್ತವರೇ ಹೆಚ್ಚೆಂಬುದು ಹೊವರ್ಡನ ಅನುಭವ. 1750ರಲ್ಲಿ ಅದು ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯಕ್ಕೇ ನುಗ್ಗಿ, ನ್ಯಾಯಾಧೀಶರನ್ನೂ ನಗರದ ಮೇಯರನನ್ನೂ ಬಲಿ ತೆಗೆದುಕೊಂಡಿತ್ತು. ಹೊವರ್ಡನ ಬಟ್ಟೆಗೆ ಹತ್ತಿದ ದುರ್ವಾಸನೆಯಿಂದಾಗಿ ಮುಚ್ಚಿದ ಬಂಡಿಯಲ್ಲಿ ಕೂರುವುದು ಅಸಾಧ್ಯವಾಗಿ, ಆತನು ಕುದುರೆಯ ಮೇಲೆಯೇ ಪ್ರಯಾಣ ಮಾಡಬೇಕಾಯಿತು. ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆಯೇ ಓದಲು ಸಾಧ್ಯ.

1774ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯೆದುರು ಆತನು ಕಂಡದ್ದನ್ನು ಹೇಳಿದನು. ಸಭೆ ವಂದನೆ ಅರ್ಪಿಸಿತು. ಅದೇ ವರ್ಷ ಎರಡು ಕಾಯಿದೆಗಳಾದುವು. ನಿರಪರಾಧಿಗಳಿಂದ ಶುಲ್ಕ ಕೀಳುವುದನ್ನು ಒಂದು ನಿಲ್ಲಿಸಿತು. ಗೋಡೆಗೆ ಸುಣ್ಣ, ಕೋಣೆಗೆ ಗಾಳಿ, ರೋಗಿಗಳಿಗೆ ಪ್ರತ್ಯೇಕ ಸ್ಥಳ ಇರಬೇಕೆಂದು ಮತ್ತೊಂದು ವಿಧಿಸಿತು. ಕಾಯಿದೆಯಾದ ಮಾತ್ರಕ್ಕೆ ಕೆಲಸವಾಗದೆಂದು ಬಲ್ಲ ಹೊವರ್ಡ್ ಅವುಗಳ ಪ್ರತಿಗಳನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ ಸೆರೆಮನೆಗಳಿಗೆ ಕಳುಹಿಸಿದನು. ಅನಂತರ ಅವು ಜಾರಿಯಾದುವೇ ಎಂದು ನೋಡಲು ತಾನೇ ಹೋದನು. ಎಷ್ಟೋ ಕಡೆ ಜಾರಿಯಾಗಿರಲಿಲ್ಲ.

1777ರಲ್ಲಿ ಪ್ರಕಟವಾದ ಆತನ ಗ್ರಂಥ ಇಂಗ್ಲೆಂಡ್ ಮತ್ತು ವೇಲ್ಸಿನ ಸೆರೆಮನೆಗಳ ಸ್ಥಿತಿಯನ್ನು ಒಂದೊಂದಾಗಿ ಬಣ್ಣಿಸುತ್ತದೆ. ವಾಗಾಡಂಬರ ಅದರಲ್ಲಿಲ್ಲ. ಕೋಣೆಯ ಉದ್ದಗಲ, ರೊಟ್ಟಿಯ ತೂಕ, ನೀರಿದೆಯೇ ಇಲ್ಲವೇ, ಜೈಲರನ ಶುಲ್ಕವೆಷ್ಟು, ಸೆರೆಯಾಳುಗಳೆಷ್ಟು, ಇವೇ ಅದರ ವಸ್ತು. ಆತನು ಎಣಿಸಿದ 4,084 ಸೆರೆಯಾಳುಗಳಲ್ಲಿ 2,437 ಮಂದಿ ಸಾಲ ತೀರಿಸಲಾರದವರು. ಇಂಗ್ಲೆಂಡಿನ ಸೆರೆಮನೆಗಳಲ್ಲಿ ಕಳ್ಳರು ಕೊಲೆಗಾರರಿಗಿಂತ ಸಾಲಗಾರರೇ ಹೆಚ್ಚೆಂಬುದನ್ನು ಈ ಒಂದು ಲೆಕ್ಕ ಬಯಲಿಗಿಟ್ಟಿತು.

ಹಾಗಾದರೆ ಅಪರಾಧಿಯನ್ನು ಏನು ಮಾಡಬೇಕು? ಆವರೆಗೆ ಗಲ್ಲು, ಚಾಟಿಯೇಟು, ಸಮುದ್ರದಾಚೆಗೆ ಗಡೀಪಾರು, ಇವೇ ದೊಡ್ಡ ಶಿಕ್ಷೆಗಳು. ಅಮೆರಿಕದ ಯುದ್ಧದಿಂದ ಗಡೀಪಾರು ನಿಂತುಹೋಗಿ, 1776ರಿಂದ ಥೇಮ್ಸ್ ನದಿಯ ಹಳೆಯ ಹಡಗುಗಳಲ್ಲಿ ಅಪರಾಧಿಗಳನ್ನು ತುಂಬತೊಡಗಿದರು. ಹೊವರ್ಡ್ ಬೇರೆ ದಾರಿಯನ್ನು ಯೂರೋಪಿನಲ್ಲಿ ಹುಡುಕಿದನು. ಆಮ್‌ಸ್ಟರ್‌ಡಾಮಿನಲ್ಲಿ ಸೆರೆಯಾಳುಗಳು ಬಣ್ಣದ ಮರವನ್ನು ಅರದಿಂದ ಉಜ್ಜಿ ಪುಡಿಮಾಡುತ್ತಿದ್ದರು. ಗೆಂಟ್ ನಗರದ ದುಡಿಮೆಯ ಸೆರೆಮನೆಯಲ್ಲಿ ಹಗಲು ಎಲ್ಲರೂ ಕೂಡಿ ಕೆಲಸ, ರಾತ್ರಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಇದು ಆತನಿಗೆ ಮೆಚ್ಚಿಗೆಯಾಯಿತು. 1779ರಲ್ಲಿ ಬ್ಲ್ಯಾಕ್‌ಸ್ಟನ್ ಮತ್ತು ಈಡನ್ ರಚಿಸಿದ ಸುಧಾರಣಾಗೃಹಗಳ ಕಾಯಿದೆಯಲ್ಲಿ ಈ ಅನುಭವ ಸೇರಿತು. ಆದರೆ ಗೃಹವನ್ನು ಎಲ್ಲಿ ಕಟ್ಟಬೇಕೆಂಬ ಬಗೆಗೆ ಮೇಲ್ವಿಚಾರಕರಲ್ಲಿ ಒಮ್ಮತವಾಗದೆ, ಹೊವರ್ಡ್ 1781ರಲ್ಲಿ ರಾಜೀನಾಮೆ ಕೊಟ್ಟನು. 1783ರಲ್ಲಿ ಗೆಂಟಿಗೆ ಮರಳಿ ಹೋದಾಗ ಅಲ್ಲಿಯ ಕೆಲಸಶಾಲೆ ಮುಚ್ಚಿಹೋಗಿತ್ತು.

ಆ ಬಳಿಕ ಆತನ ಲಕ್ಷ್ಯ ಪ್ಲೇಗಿನ ಕಡೆ ತಿರುಗಿತು. ಹಡಗಿನವರನ್ನು ಬೇರೆಯಿರಿಸುವ ಮನೆಗಳ ಒಳಗು ತಿಳಿಯಲೆಂದು, ಸ್ಮಿರ್ನಾದಿಂದ ಸೋಂಕಿನ ಶಂಕೆಯಿದ್ದ ಹಡಗನ್ನೇ ಬೇಕೆಂದು ಆರಿಸಿ ಹತ್ತಿ, ವೆನಿಸ್ಸಿನಲ್ಲಿ ತಾನೂ ಬಂಧಿತನಾದನು. ಕೋಣೆಯ ಗೋಡೆಗಳಿಗೆ ಸುಣ್ಣ ಬಳಿಸಿ ದಿನ ನೂಕುತ್ತಿದ್ದಾಗ ಮನೆಯಿಂದ ಎರಡು ಸುದ್ದಿ ಬಂದುವು. ಊರಿನವರು ಚಂದಾ ಎತ್ತಿ ಆತನ ಪ್ರತಿಮೆ ನಿಲ್ಲಿಸಲಿದ್ದಾರೆಂಬುದು ಒಂದು; ಒಬ್ಬನೇ ಮಗ ದಾರಿ ತಪ್ಪಿ ಬುದ್ಧಿ ಕೆಡಿಸಿಕೊಂಡಿದ್ದಾನೆಂಬುದು ಇನ್ನೊಂದು. ಪ್ರತಿಮೆಯನ್ನು ಹಟ ಹಿಡಿದು ತಡೆದನು, ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ಮಗ 1799ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತನು. ತಂದೆಯ ಬಿಗಿಯೇ ಹುಡುಗನನ್ನು ಕೆಡಿಸಿತೆಂದು ಕೆಲವರು ದೂರಿದರು, ಸ್ನೇಹಿತರು ಅಲ್ಲಗಳೆದರು. ಯಾರು ಸರಿಯೋ, ಪರರ ಸೆರೆಮನೆಗಳನ್ನು ಸುತ್ತುತ್ತಿದ್ದ ತಂದೆ ಮನೆಯಲ್ಲಿ ಇದ್ದದ್ದು ಕಡಮೆಯೆಂಬುದಂತೂ ನಿಜ.

ಆತನ ಪ್ರಯಾಣ ಒಟ್ಟು 42,000 ಮೈಲಿಗಳಷ್ಟು, ಸ್ವಂತ ಹಣದ ವೆಚ್ಚ 30,000 ಪೌಂಡುಗಳಷ್ಟು ಎಂದು ಜೀವನಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಕೊನೆಯ ಪ್ರಯಾಣ ರಷ್ಯಾಕ್ಕೆ. ಇಂದು ಯುಕ್ರೇನಿಗೆ ಸೇರಿರುವ ಖೆರ್ಸಾನ್ ಪ್ರಾಂತದಲ್ಲಿ, ಜ್ವರಪೀಡಿತಳಾದ ತರುಣಿಯೊಬ್ಬಳನ್ನು ನೋಡಲು ಹೋಗಿ, ತಾನೂ ಜ್ವರ ಹತ್ತಿ, 1790ರ ಜನವರಿ 20ರಂದು ತೀರಿಕೊಂಡನು. ಸಮಾಧಿಯ ಮೇಲೆ ಒಂದು ನೆರಳುಗಡಿಯಾರವಿಟ್ಟು ತನ್ನನ್ನು ಮರೆಯಿರೆಂಬುದು ಆತನ ಕೋರಿಕೆಯಾಗಿತ್ತು. ಲೋಕ ಕೇಳಲಿಲ್ಲ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಮೊದಲು ನಿಂತ ಪ್ರತಿಮೆ ಹೊವರ್ಡನದೇ: ಕೈಯಲ್ಲಿ ಬೀಗದ ಕೈ, ಕಾಲಡಿಯಲ್ಲಿ ಬೇಡಿ.

ಆತನ ವಿಚಾರಗಳ ಮುಂದಿನ ಗತಿಯನ್ನು ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರ. ರಾತ್ರಿಯ ಏಕಾಂತ ಕೋಣೆಯನ್ನು ಆತನು ಬಯಸಿದ್ದು ನೆಮ್ಮದಿಗೂ ಆತ್ಮಚಿಂತನೆಗೂ. 1842ರಲ್ಲಿ ತೆರೆದ ಪೆಂಟನ್‌ವಿಲ್ ಸೆರೆಮನೆ ಆ ಏಕಾಂತವನ್ನು ಹಗಲಿಗೂ ಹಬ್ಬಿಸಿತು; ಹೊರಗೆ ಬಂದಾಗ ಮುಖಕ್ಕೆ ಮುಸುಕು, ಪ್ರಾರ್ಥನೆಯಲ್ಲೂ ನಡುವೆ ಅಡ್ಡಹಲಗೆ. ಕೆಲವರಿಗೆ ಬುದ್ಧಿಭ್ರಮಣೆಯಾಯಿತು. ಸೆರೆಮನೆಯನ್ನು ಒಳ್ಳೆಯದಾಗಿ ಮಾಡಬಹುದೆಂಬ ನಂಬಿಕೆಯಿಂದಲೇ ಇನ್ನಷ್ಟು ಸೆರೆಮನೆಗಳು ಎದ್ದುವು. ಸೆರೆಗೇ ಕಳುಹಿಸದಿರುವ ದಾರಿಯನ್ನು ತೋರಿದವನು ಮತ್ತೊಬ್ಬ. 1841ರಲ್ಲಿ ಬಾಸ್ಟನ್ ನಗರದ ಜಾನ್ ಆಗಸ್ಟಸ್ ಎಂಬ ಚಮ್ಮಾರ, ಕುಡುಕನೊಬ್ಬನಿಗೆ ತಾನೇ ಜಾಮೀನು ನಿಂತು ಮನೆಗೆ ಕರೆದೊಯ್ದನು. ನಮ್ಮಲ್ಲಿ 1958ರ ಪ್ರೊಬೇಷನ್ ಕಾಯಿದೆ ಆ ದಾರಿಯದೇ. 2024ರ ಜುಲೈಯಿಂದ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಶಿಕ್ಷೆಯಾಗಿ ಬಂದಿದೆ.

ಇನ್ನು ನನ್ನ ಅರಿಕೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ ಹೊಡೆದಾಟದ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದನು. ಜಾಮೀನು ಮಂಜೂರಾಯಿತು, ಆದರೆ ಪಹಣಿ ಹಿಡಿದು ಬರುವ ಜಾಮೀನುದಾರ ಬೇಕು. ಹುಡುಗ ನನ್ನ ಮನೆಗೆ ಬಂದು ಬಾಗಿಲಲ್ಲಿ ನಿಂತನು. ನನ್ನ ಹೆಸರಿನಲ್ಲಿ ಎರಡು ಎಕರೆ ಇತ್ತು. ಮೇಷ್ಟರಾದವರು ಹೀಗೆ ಜಾಮೀನು ನಿಂತದ್ದುಂಟೇ ಎಂದು ಇಬ್ಬರು ಸಹೋದ್ಯೋಗಿಗಳನ್ನು ಕೇಳಿದೆ. ಇಲ್ಲವೆಂದರು. ನನಗೂ ಅಷ್ಟೇ ಬೇಕಿತ್ತು. ಯಾರೋ ನೆಂಟರು ಒದಗಿ ಆತನು ಹೊರಗೆ ಬರುವ ಹೊತ್ತಿಗೆ ಇಪ್ಪತ್ತಾರು ದಿನ ಕಳೆದಿತ್ತು. ಹುಡುಗ ಶಾಲೆ ಬಿಟ್ಟಿದ್ದನು.

ಬೆಡ್‌ಫರ್ಡಿನ ಮ್ಯಾಜಿಸ್ಟ್ರೇಟರ ಪ್ರಶ್ನೆಯನ್ನು ಓದಿದಾಗ ಪುಸ್ತಕ ಮಡಿಸಿ ಕುಳಿತದ್ದು ಇದಕ್ಕೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರ ಪೈಕಿ ನೂರರಲ್ಲಿ ಸುಮಾರು 75 ಮಂದಿ ವಿಚಾರಣೆ ಮುಗಿಯದವರು. ಅವರಲ್ಲಿ ಜಾಮೀನು ದೊರೆತೂ ಜಾಮೀನುದಾರ ದೊರೆಯದವರು ಎಷ್ಟಿರಬಹುದು? ಹೊವರ್ಡನಂತೆ ಕುದುರೆಯೇರಿ ದೇಶ ಸುತ್ತುವುದು ಎಲ್ಲರಿಂದ ಆಗದ ಮಾತು. ನನ್ನ ಪಾಲಿಗೆ ಬಂದಿದ್ದದ್ದು ತಾಲ್ಲೂಕು ಕಚೇರಿಯವರೆಗಿನ ಎರಡು ಮೈಲಿ ಮಾತ್ರ.