ಎಲ್.ಜಿ. ಹಾವನೂರು ಅವರ ಜೀವನ ಚರಿತ್ರೆ



ಈ ಸಲದ ಗೋಡೆ ಪತ್ರಿಕೆಗೆ ದೊಡ್ಡವರೊಬ್ಬರ ಜೀವನ ಚರಿತ್ರೆ ಬರೆದುಕೊಂಡು ಬನ್ನಿ ಅಂತ ಮೇಷ್ಟ್ರು ಹೇಳಿದ್ರು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲ ಬೇರೆಯವರು ಆಗಲೇ ತಗೊಂಡಿದ್ರು. ನಾನು ಹಾವನೂರು ಅವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನಮ್ಮ ಎದುರು ಮನೆ ಅಕ್ಕ. ಅವರು ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದ್ತಾ ಇದಾರೆ. ಅವರ ಅರ್ಜಿಯಲ್ಲಿ 2ಎ ಅಂತ ಬರೆದಿತ್ತು. ಇನ್ನೊಬ್ಬರದರಲ್ಲಿ 3ಬಿ ಅಂತ ಇರುತ್ತಂತೆ. ನಮ್ಮ ಶಾಲೆಯಲ್ಲಿ ಎ ಸೆಕ್ಷನ್, ಬಿ ಸೆಕ್ಷನ್ ಇರುವ ಹಾಗೆ ಇದನ್ನು ಯಾರು ಮಾಡಿದ್ದು ಅಂತ ಕೇಳಿದೆ. ಈಗಿನ ಪಟ್ಟಿ ಆಮೇಲೆ ಆಗಿದ್ದು, ಆದರೆ ಅದರ ಬುಡ ಹುಡುಕಿದರೆ ಹಾವನೂರು ವರದಿ ಸಿಗುತ್ತೆ ಅಂತ ಅಕ್ಕ ಹೇಳಿದರು.

ಹಾವನೂರರು 1927ರಲ್ಲಿ ರಾಣೆಬೆನ್ನೂರಿನಲ್ಲಿ ಜನಿಸಿದರು. ಬೀರೂರಿನಲ್ಲಿ ಹುಬ್ಬಳ್ಳಿ ರೈಲು ಹತ್ತಿದರೆ ದಾವಣಗೆರೆ, ಹರಿಹರ ಆದ ಮೇಲೆ ರಾಣೆಬೆನ್ನೂರು ಬರುತ್ತದೆ. ಈಗ ಅದು ಹಾವೇರಿ ಜಿಲ್ಲೆ. ಅವರು ಹುಟ್ಟಿದಾಗ ಧಾರವಾಡ ಜಿಲ್ಲೆ, ಅದೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಕಡೂರು ಆಗ ಮೈಸೂರು ಮಹಾರಾಜರ ಕಡೆ. 1956ರಲ್ಲಿ ಎರಡೂ ಕಡೆಯವರು ಒಂದೇ ರಾಜ್ಯ ಆದೆವು. ಅವರದು ಬೇಡ ನಾಯಕ ಸಮುದಾಯ. ಆ ಕಾಲದಲ್ಲಿ ಆ ಸಮುದಾಯದಲ್ಲಿ ಓದಿದವರು ಬಹಳ ಕಡಿಮೆ. ಅಂಥದ್ದರಲ್ಲಿ ಅವರು ಕಾನೂನು ಓದಿ ಬೆಂಗಳೂರಿನಲ್ಲಿ ವಕೀಲರಾದರು.

ಅವರಿಗಿಂತ ಮುಂಚೆ ಏನಾಗಿತ್ತು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅವರು ಮಾಡಿದ್ದು ಅರ್ಥ ಆಗಲ್ಲ. ಹಳೇ ಮೈಸೂರಿನಲ್ಲಿ ಸರ್ಕಾರಿ ಕೆಲಸಗಳಲ್ಲಿ ಹೆಚ್ಚಾಗಿ ಬ್ರಾಹ್ಮಣರೇ ಇದ್ದರು, ಏಕೆಂದರೆ ಇಂಗ್ಲಿಷ್ ಓದಿದ್ದವರು ಅವರೇ. ಉಳಿದವರು ಮಹಾರಾಜರಿಗೆ ಅಹವಾಲು ಕೊಟ್ಟರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಎಂಬ ಮುಖ್ಯ ನ್ಯಾಯಾಧೀಶರ ಸಮಿತಿ ನೇಮಿಸಿದರು. 7 ವರ್ಷದೊಳಗೆ ದೊಡ್ಡ ಹುದ್ದೆಗಳಲ್ಲಿ ಅರ್ಧ, ಸಣ್ಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗ ಬೇರೆಯವರಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ಸ್ವಾತಂತ್ರ್ಯ ಬಂದ ಮೇಲೆ 1960ರಲ್ಲಿ ನಾಗನಗೌಡ ಸಮಿತಿ ಆಯಿತು. ಆದರೆ ಅದರ ಮೇಲೆ ಸರ್ಕಾರ ಕಾಲೇಜು ಸೀಟುಗಳಿಗೆ ಮಾಡಿದ ಆದೇಶವನ್ನು 1962ರಲ್ಲಿ ಸುಪ್ರೀಂ ಕೋರ್ಟು ಹೊಡೆದು ಹಾಕಿತು. ನೂರಕ್ಕೆ 68 ಸೀಟು ಮೀಸಲು ಇಟ್ಟಿದ್ದರು, ಅದು ಅರ್ಧ ದಾಟಬಾರದು ಅಂತ ಕೋರ್ಟಿನ ಅಭಿಪ್ರಾಯ. ಬರೀ ಜಾತಿ ನೋಡಿ ಹಿಂದುಳಿದವರು ಅನ್ನಬಾರದು ಅಂತಲೂ ಹೇಳಿತು.

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯದ ಮೊದಲನೇ ಹಿಂದುಳಿದ ವರ್ಗಗಳ ಆಯೋಗ ಮಾಡಿ ಹಾವನೂರರನ್ನು ಅಧ್ಯಕ್ಷರಾಗಿ ನೇಮಿಸಿದರು. ಆಗ ಅವರಿಗೆ 45 ವರ್ಷ. ಇಲ್ಲಿ ಒಂದು ಮಾತು ಹೇಳ್ತೀನಿ. ನಾನೂ ಮೊದಲು ಇದನ್ನು ಕೆ.ಪಿ.ಎಸ್.ಸಿ. ಅಂದುಕೊಂಡಿದ್ದೆ. ಎರಡೂ ಬೇರೆ. ಲೋಕಸೇವಾ ಆಯೋಗ 1951ರಲ್ಲಿ ಶುರುವಾಗಿದ್ದು. ಅದು ಪರೀಕ್ಷೆ ಮಾಡಿ ಜನರನ್ನು ಆರಿಸುತ್ತದೆ. ಹಾವನೂರರ ಆಯೋಗ ಪರೀಕ್ಷೆ ಮಾಡಲಿಲ್ಲ. ಯಾರು ಹಿಂದೆ ಉಳಿದಿದ್ದಾರೆ, ಅವರಿಗೆ ಎಷ್ಟು ಪಾಲು ಇಟ್ಟರೆ ನ್ಯಾಯ ಅನ್ನೋದನ್ನು ಕಂಡುಹಿಡಿಯುವುದು ಅದರ ಕೆಲಸ.

ಅವರು ಹೇಗೆ ಕಂಡುಹಿಡಿದರು ಅನ್ನೋದೇ ನನಗೆ ತುಂಬಾ ಇಷ್ಟವಾಯಿತು. ನಮ್ಮವರು ಬಡವರು, ನಮ್ಮವರು ಹಿಂದುಳಿದವರು ಅಂತ ಎಲ್ಲರೂ ಹೇಳಬಹುದು. ಹೇಳಿದ್ದನ್ನೇ ಬರೆದುಕೊಂಡರೆ ಕೋರ್ಟು ಮತ್ತೆ ಹೊಡೆದು ಹಾಕುತ್ತೆ. 1931ರ ನಂತರ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ತೆಗೆದಿರಲಿಲ್ಲ. ಆದ್ದರಿಂದ ಆಯೋಗವೇ ಹಳ್ಳಿಗಳಲ್ಲಿ, ಪೇಟೆಗಳಲ್ಲಿ ಸಮೀಕ್ಷೆ ಮಾಡಿಸಿತು. ಸರ್ಕಾರಿ ಕೆಲಸದಲ್ಲಿ ಯಾವ ಜನಾಂಗದವರು ಎಷ್ಟಿದ್ದಾರೆ ಅಂತ ನೋಡಿತು. ಆಮೇಲೆ 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆ ತಗೊಂಡಿತು. ಇಡೀ ರಾಜ್ಯದಲ್ಲಿ ಸಾವಿರ ಜನಕ್ಕೆ 1.69 ಮಕ್ಕಳು ಪಾಸಾಗಿದ್ದರು. ಅಂದರೆ ಸಾವಿರಕ್ಕೆ ಇಬ್ಬರೂ ಇಲ್ಲ! ಈ ಸರಾಸರಿಗಿಂತ ಕಡಿಮೆ, ಆದರೆ ಅದರ ಅರ್ಧಕ್ಕಿಂತ ಜಾಸ್ತಿ ಇದ್ದವರನ್ನು ಹಿಂದುಳಿದ ಸಮುದಾಯ ಅಂತ ಕರೆದರು. ಅರ್ಧಕ್ಕಿಂತಲೂ ಕೆಳಗಿದ್ದವರು ಹಿಂದುಳಿದ ಜಾತಿ ಮತ್ತು ಹಿಂದುಳಿದ ಬುಡಕಟ್ಟು ಆದರು. ಎತ್ತಿನ ಮೇಲೆ ಬಂದು ನಮ್ಮ ಮನೆತನದ ಹೆಸರುಗಳನ್ನೆಲ್ಲ ಹೇಳುವ ಹೆಳವರು, ಬೆಳಗಿನ ಜಾವ ಬರುವ ಬುಡಬುಡಿಕೆಯವರು, ಇಂಥ ಊರೂರು ಅಲೆಯುವವರೂ ಪಟ್ಟಿಗೆ ಬಂದರು.

ನಾನು ಅಜ್ಜನನ್ನು ಕೇಳಿದೆ. 1972ರಲ್ಲಿ ನಮ್ಮ ಬೀದಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾಗಿದ್ದವರು ಒಬ್ಬರೇ ಅಂತೆ. ಅಜ್ಜ ನಾಲ್ಕನೇ ಕ್ಲಾಸಿಗೆ ಬಿಟ್ಟು ಕುರಿ ಹಿಂದೆ ಹೋದರು.

ಮೂರು ವರ್ಷ ಕೆಲಸ ಮಾಡಿ 1975ರ ನವೆಂಬರ್‌ನಲ್ಲಿ ಹಾವನೂರರು ವರದಿ ಕೊಟ್ಟರು. ಅದು ನಾಲ್ಕು ಸಂಪುಟ. ಸಮುದಾಯಗಳಿಗೆ ನೂರಕ್ಕೆ 16, ಜಾತಿಗಳಿಗೆ 10, ಬುಡಕಟ್ಟುಗಳಿಗೆ 6 ಹುದ್ದೆ ಅಂತ ಶಿಫಾರಸು ಮಾಡಿದರು. ಕೂಡಿದರೆ 32. ಪರಿಶಿಷ್ಟ ಜಾತಿಗೆ ಆಗಲೇ 15, ಪರಿಶಿಷ್ಟ ಪಂಗಡಕ್ಕೆ 3 ಇತ್ತು, ಅದು 18. ಈಗ 32ಕ್ಕೆ 18 ಕೂಡಿಸಿ ನೋಡಿ. ಸರಿಯಾಗಿ 50! ಕೋರ್ಟು ಹೇಳಿದ ಗೆರೆ ಅವರು ದಾಟಲಿಲ್ಲ.

ಎಲ್ಲರಿಗೂ ಇದು ಒಪ್ಪಿಗೆ ಆಗಲಿಲ್ಲ. ಲಿಂಗಾಯತರು ಪಟ್ಟಿಯಲ್ಲಿ ಇರಲಿಲ್ಲ, ಅವರಿಗೆ ಬಹಳ ಸಿಟ್ಟು ಬಂತು. ಅವರಲ್ಲೂ ನಮ್ಮ ಹೋಬಳಿಯಲ್ಲಿ ಮಳೆ ನಂಬಿಕೊಂಡು ರಾಗಿ ಬೆಳೆಯುವ ಬಡವರು ಇದಾರಲ್ಲ ಅಂತ ನನಗೂ ಅನ್ನಿಸಿತು. 1977ರಲ್ಲಿ ಸರ್ಕಾರ ಆದೇಶ ಮಾಡುವಾಗ ಅಂಕಿಗಳನ್ನು ಹೆಚ್ಚು ಕಡಿಮೆ ಮಾಡಿ, ಜಾತಿ ನೋಡದೆ ವರಮಾನ ಮತ್ತು ಕಸುಬು ನೋಡಿ ಕೊಡುವ ಒಂದು ವಿಶೇಷ ಗುಂಪನ್ನೂ ಸೇರಿಸಿತು. ಮತ್ತೆ ಕೋರ್ಟು ಕಚೇರಿ ನಡೆಯಿತು. ಮುಂದೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು, ಪಟ್ಟಿ ಬದಲಾಯಿತು. ಆದರೆ ಕೋರ್ಟಿನಲ್ಲಿ ಈ ವಿಷಯ ಬಂದಾಗೆಲ್ಲ ಹಾವನೂರು ವರದಿ ತೆಗೆದು ನೋಡುತ್ತಿದ್ದರು.

ಆಮೇಲೆ ಹಾವನೂರರು ಅರಸು ಅವರ ಸರ್ಕಾರದಲ್ಲಿ ಮಂತ್ರಿಯೂ ಆದರು. ಇದು ಮಾತ್ರ ನನ್ನ ಮನಸ್ಸಿಗೆ ಅಷ್ಟು ಸರಿ ಬರಲಿಲ್ಲ. ಲೋಕಸೇವಾ ಆಯೋಗದ ಅಧ್ಯಕ್ಷರಾಗಿದ್ದವರು ಆಮೇಲೆ ಸರ್ಕಾರದ ಬೇರೆ ನೌಕರಿಗೆ ಹೋಗುವ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ. ಇವರ ಆಯೋಗಕ್ಕೆ ಆ ನಿಯಮ ಇರಲಿಲ್ಲ, ಆದ್ದರಿಂದ ತಪ್ಪೇನಿಲ್ಲ ಅಂತ ಅಕ್ಕ ಹೇಳ್ತಾರೆ. ನಾವಿಬ್ಬರೂ ಇನ್ನೂ ಜಗಳ ಆಡ್ತಾ ಇದೀವಿ.

1991ರಲ್ಲಿ ದಕ್ಷಿಣ ಆಫ್ರಿಕಾದವರು ಹೊಸ ಸಂವಿಧಾನದ ಬಗ್ಗೆ ಸಲಹೆ ಕೇಳಲು ಹಾವನೂರರನ್ನು ಕರೆಸಿಕೊಂಡರು. ಬಿಳಿಯರು ಕರಿಯರನ್ನು ದೂರ ಇಟ್ಟಿದ್ದ ದೇಶ ಅದು. ರಾಣೆಬೆನ್ನೂರಿನಲ್ಲಿ ಹುಟ್ಟಿದವರು ಅಲ್ಲಿವರೆಗೂ ಹೋದರು. 2000ನೇ ಇಸವಿಯಲ್ಲಿ ಅವರು ತೀರಿಕೊಂಡರು.

2025ರಲ್ಲಿ ಮತ್ತೆ ರಾಜ್ಯದಲ್ಲೆಲ್ಲ ಇಂಥ ಸಮೀಕ್ಷೆ ನಡೆಯಿತು. ಮೇಷ್ಟ್ರುಗಳೇ ಮನೆ ಮನೆಗೆ ಹೋದರು. ನಮ್ಮ ಮನೆಗೂ ಬಂದಿದ್ದರು. ಒಟ್ಟು 60 ಪ್ರಶ್ನೆ. ಎಷ್ಟು ಓದಿದ್ದೀರಿ ಅಂತ ಕೇಳಿದಾಗ ಅಜ್ಜ ನಾಲ್ಕನೇ ಕ್ಲಾಸು ಅಂದು, ನನ್ನ ಕಡೆ ಕೈ ತೋರಿಸಿ, ಇವಳದ್ದು ಏಳು ಅಂತ ಬರ್ಕೊಳ್ಳಿ ಅಂದರು.