ಐದು ಡಾಲರ್‌ ಕಥೆ, ನಲವತ್ತು ಡಾಲರ್‌ ಕಥೆ: ಬರೆದೇ ಹೊಟ್ಟೆ ಹೊರೆದ ಜ್ಯಾಕ್ ಲಂಡನ್

ಕಥೆ ಬರೆದರೆ ಹೊಟ್ಟೆ ತುಂಬುತ್ತಾ? ಬರೆಯೋ ಹುಡುಗರಿರುವ ಮನೆಗಳಲ್ಲೆಲ್ಲ ಅಪ್ಪ-ಅಮ್ಮ ಕೇಳುವ ಪ್ರಶ್ನೆ ಇದು. ನೂರಿಪ್ಪತ್ತೈದು ವರ್ಷಗಳ ಹಿಂದೆ ಅಮೆರಿಕದ ಓಕ್‌ಲ್ಯಾಂಡ್ ಊರಿನ ಒಂದು ಬಡ ಮನೆಯಲ್ಲೂ ಇದೇ ಪ್ರಶ್ನೆ ಇತ್ತು. ಉತ್ತರ ಹುಡುಕಲು ಹೊರಟ 22 ವರ್ಷದ ಯುವಕನೇ ಜ್ಯಾಕ್ ಲಂಡನ್. ಮುಂದೆ ಅವನ ಕಥೆಗಳನ್ನು ಜಗತ್ತೇ ಓದಿತು. ಆದರೆ ಮೊದಲ ಕಥೆಗೆ ಪತ್ರಿಕೆಯಿಂದ ದುಡ್ಡು ಪಡೆಯುವಷ್ಟರಲ್ಲಿ ಅವನಿಗೆ ಸಾಕುಬೇಕಾಗಿತ್ತು.

ಗಂಟೆಗೆ ಹತ್ತು ಸೆಂಟ್

ಜ್ಯಾಕ್ ಹುಟ್ಟಿದ್ದು 1876ರ ಜನವರಿ 12ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತಾಯಿ ಫ್ಲೋರಾ. ಸಾಕಿದ್ದು ಮಲತಂದೆ ಜಾನ್ ಲಂಡನ್. ಆ ಮನುಷ್ಯ ಒಳ್ಳೆಯವನೇ, ಆದರೆ ಕೈ ಹಾಕಿದ ಕಸುಬು ಯಾವುದೂ ಹತ್ತಲಿಲ್ಲ. ಹಾಗಾಗಿ ಹುಡುಗ ಚಿಕ್ಕಂದಿನಲ್ಲೇ ಬೀದಿಯಲ್ಲಿ ಪೇಪರ್ ಮಾರಿದ. ಆಮೇಲೆ ಡಬ್ಬಿಗೆ ತಿನಿಸು ತುಂಬುವ ಕಾರ್ಖಾನೆಗೆ ಸೇರಿದ. ಕೂಲಿ ಗಂಟೆಗೆ 10 ಸೆಂಟ್.

ಆ ದುಡಿಮೆ ಬೇಸರವಾಗಿ, ಸಾಕುತಾಯಿಯಂತಿದ್ದ ಜೆನ್ನಿ ಪ್ರೆಂಟಿಸ್ ಹತ್ತಿರ 300 ಡಾಲರ್ ಕೈಗಡ ತಂದು ಹಳೇ ದೋಣಿ ಕೊಂಡ. ರಾತ್ರಿ ಹೊತ್ತು ಬೇರೆಯವರ ಸಿಂಪಿ ಕದ್ದು ಮಾರಿದ್ದೂ ಉಂಟು. 1893ರಲ್ಲಿ ಸೀಲ್ ಬೇಟೆಯ ಹಡಗು ಹತ್ತಿ ಜಪಾನ್ ಕಡಲಿನವರೆಗೂ ಹೋಗಿ ಬಂದ.

ಇಷ್ಟರ ನಡುವೆ ಒಂದು ಚಟ ಮಾತ್ರ ಬಿಡಲಿಲ್ಲ, ಅದು ಓದು. ಓಕ್‌ಲ್ಯಾಂಡಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇನಾ ಕೂಲ್‌ಬ್ರಿತ್ ಎಂಬ ಕವಯಿತ್ರಿ ಗ್ರಂಥಪಾಲಕಿಯಾಗಿದ್ದರು. ಮಾಸಲು ಬಟ್ಟೆಯ ಈ ಹುಡುಗನಿಗೆ ಯಾವ ಪುಸ್ತಕ ಓದಬೇಕು ಅಂತ ತೋರಿಸಿಕೊಟ್ಟವರು ಅವರೇ.

ಹಡಗಿನಿಂದ ಇಳಿದ ವರ್ಷವೇ ಸ್ಯಾನ್ ಫ್ರಾನ್ಸಿಸ್ಕೊದ ಒಂದು ದಿನಪತ್ರಿಕೆ ಎಳೆಯ ಲೇಖಕರಿಗೆ ಸ್ಪರ್ಧೆ ಇಟ್ಟಿತು. ಜಪಾನ್ ಕಡಲಲ್ಲಿ ಕಂಡ ಚಂಡಮಾರುತದ ಬಗ್ಗೆ ಜ್ಯಾಕ್ ಬರೆದ. ಮೊದಲ ಬಹುಮಾನ 25 ಡಾಲರ್ ಅವನಿಗೇ ಬಂತು. ಆಗ ಅವನು ಸೆಣಬಿನ ಗಿರಣಿಯಲ್ಲಿ ಗಂಟೆಗೆ ಅದೇ 10 ಸೆಂಟಿಗೆ ದುಡಿಯುತ್ತಿದ್ದ. ಲೆಕ್ಕ ಹಾಕಿ ನೋಡಿ: ಗಿರಣಿಯಲ್ಲಿ 250 ಗಂಟೆ ಬೆವರು ಸುರಿಸಿದರೆ ಸಿಗುವ ದುಡ್ಡು ಒಂದೇ ಬರಹಕ್ಕೆ ಸಿಕ್ಕಿತ್ತು. ಈ ಲೆಕ್ಕ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ತುಂಬುವ ಕೆಲಸ. ತಿಂಗಳಿಗೆ 30 ಡಾಲರ್ ಕೊಟ್ಟು ಇಬ್ಬರ ಕೆಲಸ ತನ್ನೊಬ್ಬನಿಂದ ಮಾಡಿಸುತ್ತಿದ್ದಾರೆ ಅಂತ ತಿಳಿದಾಗ ಅದನ್ನೂ ಬಿಟ್ಟ. 1894ರಲ್ಲಿ ರೈಲುಗಳಲ್ಲಿ ಟಿಕೆಟ್ ಇಲ್ಲದೆ ದೇಶ ಅಲೆದ, ಅಲೆಮಾರಿ ಅಂತ ಹಿಡಿಸಿಕೊಂಡು 30 ದಿನ ಜೈಲಲ್ಲೂ ಇದ್ದ. ಮೈಬಲ ಮಾರಿ ಬದುಕಿದರೆ ಮೈಬಲ ಇಳಿದ ದಿನ ಬೀದಿಗೆ ಬೀಳಬೇಕಾಗುತ್ತೆ ಅಂತ ಅವನಿಗೆ ಚೆನ್ನಾಗಿ ಅರ್ಥವಾಗಿದ್ದು ಅಲ್ಲಿ. ವಾಪಸ್ ಬಂದವನು ಹೈಸ್ಕೂಲ್ ಸೇರಿದ, ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ಹೋದ. ದುಡ್ಡಿಲ್ಲದೆ ಒಂದೇ ಅರೆವರ್ಷಕ್ಕೆ ಓದು ನಿಂತಿತು.

ಚಿನ್ನ ಸಿಗಲಿಲ್ಲ, ಕಥೆ ಸಿಕ್ಕಿತು

1897ರಲ್ಲಿ ಕೆನಡಾದ ಕ್ಲೊಂಡೈಕ್ ಸೀಮೆಯಲ್ಲಿ ಚಿನ್ನ ಸಿಕ್ಕಿದೆ ಎಂಬ ಸುದ್ದಿ ಬಂತು. ಸಾವಿರಾರು ಜನ ಹೊರಟರು, ಜ್ಯಾಕ್ ಕೂಡ ಹೊರಟ. ಒಂದು ಚಳಿಗಾಲ ಅಲ್ಲಿ ಕಳೆದ. ತಾಜಾ ತರಕಾರಿ ಹಣ್ಣು ಇಲ್ಲದೆ ಸ್ಕರ್ವಿ ಕಾಯಿಲೆ ಬಂದು, ಒಸಡು ಊದಿಕೊಂಡು 1898ರಲ್ಲಿ ಮನೆ ಸೇರಿದ. ತಂದ ಚಿನ್ನದ ಪುಡಿ ಐದು ಡಾಲರ್ ಕೂಡ ಬೆಲೆ ಬಾಳಲಿಲ್ಲ. ಅಷ್ಟರಲ್ಲಿ ಮಲತಂದೆ ತೀರಿಕೊಂಡಿದ್ದ. ಮನೆಯ ಭಾರ ಇವನ ಹೆಗಲಿಗೆ ಬಿತ್ತು.

ಕೆಲಸ ಹುಡುಕಿದರೆ ಸಿಗದ ಕಾಲ ಅದು. ಜ್ಯಾಕ್ ಅಂಚೆ ಇಲಾಖೆಯ ಪರೀಕ್ಷೆ ಕಟ್ಟಿದ, ಒಳ್ಳೆಯ ಅಂಕ ಪಡೆದ. ಆದೇಶ ಬರುವವರೆಗೆ ಕೈಕಟ್ಟಿ ಕೂರುವ ಬದಲು ಬರೆಯಲು ಕುಳಿತ.

ಆ ಹೊತ್ತಿಗೆ ಅಮೆರಿಕದಲ್ಲಿ ಮಾಸಪತ್ರಿಕೆಗಳ ವ್ಯಾಪಾರ ಭರ್ಜರಿಯಾಗಿ ಬೆಳೆದಿತ್ತು. 1893ರಲ್ಲಿ ಮನ್ಸೀಸ್ ಎಂಬ ಪತ್ರಿಕೆ ತನ್ನ ಬೆಲೆಯನ್ನು 10 ಸೆಂಟಿಗೆ ಇಳಿಸಿತ್ತು. ಪ್ರತಿ ಮಾರಿ ಬರುವ ಲಾಭ ಕಡಿಮೆಯಾದರೂ ಓದುಗರು ಹೆಚ್ಚಾದರು, ಅವರನ್ನು ನೋಡಿ ಜಾಹೀರಾತು ಬಂತು. ಪುಟ ತುಂಬಿಸಲು ಕಥೆ ಬೇಕಾಯಿತು, ಕಥೆಗೆ ದುಡ್ಡು ಕೊಡುವ ಶಕ್ತಿಯೂ ಬಂತು. ಸಾವಿರ ಪದಕ್ಕೆ ಕನಿಷ್ಠ 10 ಡಾಲರ್ ಕೊಡುತ್ತಾರೆ ಅಂತ ಜ್ಯಾಕ್ ಒಂದು ಭಾನುವಾರದ ಪುರವಣಿಯಲ್ಲಿ ಓದಿದ್ದ. ಪದಕ್ಕೆ ಒಂದು ಸೆಂಟ್! ದಿನಕ್ಕೆ ಸಾವಿರ ಪದ ಬರೆದರೆ ಮನೆ ನಡೆಯುತ್ತೆ ಅಂತ ಲೆಕ್ಕ ಹಾಕಿದ.

ಆದರೆ ಕಾಗದದ ಮೇಲಿನ ಲೆಕ್ಕ ಬೇರೆ, ಅಂಚೆಯಲ್ಲಿ ಬಂದ ಉತ್ತರ ಬೇರೆ. ಕಥೆ ಕಳಿಸುವಾಗ ಹೋಗುವ ಖರ್ಚಿನ ಜೊತೆಗೆ ವಾಪಸ್ ಬರುವ ಖರ್ಚಿನ ಅಂಚೆಚೀಟಿಯನ್ನೂ ಇಟ್ಟೇ ಕಳಿಸಬೇಕು. ಕೆಲವು ವಾರ ಬಿಟ್ಟು ಕಥೆ ಅದೇ ಲಕೋಟೆಯಲ್ಲಿ ಮನೆಗೆ ಬರುತ್ತಿತ್ತು, ಜೊತೆಗೆ ಅಚ್ಚು ಹಾಕಿದ ಪುಟ್ಟ ತಿರಸ್ಕಾರದ ಚೀಟಿ. ಜ್ಯಾಕ್ ಆ ಚೀಟಿಗಳನ್ನು ಎಸೆಯಲಿಲ್ಲ, ನೂರಾರು ಕೂಡಿಟ್ಟ. ಯಾವ ಕಥೆ ಯಾವ ಪತ್ರಿಕೆಗೆ ಹೋಯಿತು, ಯಾವತ್ತು ವಾಪಸ್ ಬಂತು ಅಂತ ಅಂಗಡಿಯವರು ಉದ್ರಿ ಲೆಕ್ಕ ಬರೆದ ಹಾಗೆ ನೋಟ್‌ಬುಕ್‌ನಲ್ಲಿ ಬರೆದಿಟ್ಟ. ಒಂದು ಕಡೆಯಿಂದ ವಾಪಸ್ ಬಂದ ಕಥೆ ಹೊಸ ಲಕೋಟೆಯಲ್ಲಿ ಇನ್ನೊಂದು ಪತ್ರಿಕೆಗೆ ಹೋಗುತ್ತಿತ್ತು. ಅಂಚೆಚೀಟಿಗೆ ಕಾಸಿಲ್ಲದಾಗ ಸೈಕಲ್, ಮಳೆಕೋಟು, ಇದ್ದ ಒಂದು ಒಳ್ಳೇ ಸೂಟು ಗಿರವಿ ಅಂಗಡಿ ಸೇರಿದವು.

ದೊಡ್ಡ ಹೆಸರು, ಸಣ್ಣ ಚೆಕ್

1898ರ ಕೊನೆಗೆ ಮೊದಲ ಒಪ್ಪಿಗೆ ಬಂತು. ಬರೆದವರು ಸ್ಯಾನ್ ಫ್ರಾನ್ಸಿಸ್ಕೊದ ಓವರ್‌ಲ್ಯಾಂಡ್ ಮಂತ್ಲಿಯವರು. ಪಶ್ಚಿಮ ಅಮೆರಿಕದಲ್ಲಿ ಇದು ಗೌರವದ ಪತ್ರಿಕೆ. 1868ರಲ್ಲಿ ಹೆಸರಾಂತ ಕಥೆಗಾರ ಬ್ರೆಟ್ ಹಾರ್ಟ್ ಸಂಪಾದಕನಾಗಿ ಶುರುವಾದದ್ದು. ಗ್ರಂಥಾಲಯದ ಇನಾ ಕೂಲ್‌ಬ್ರಿತ್ ಕೂಡ ಅದರ ಬಳಗದವರೇ. ಜ್ಯಾಕ್‌ನ ಹಿಮನಾಡಿನ ಕಥೆಗೆ ಅವರು ಕೊಡುತ್ತೇವೆಂದ ಸಂಭಾವನೆ ಬರೀ 5 ಡಾಲರ್! ಪುರವಣಿಯಲ್ಲಿ ಓದಿದ ದರದ ಪ್ರಕಾರ ಅದು ಐನೂರು ಪದದ ಬೆಲೆ. ಅವನು ಕೊಟ್ಟಿದ್ದು ಅದರ ಎಷ್ಟೋ ಪಟ್ಟು ದೊಡ್ಡ ಕಥೆ. ಇಷ್ಟೇನಾ ಅಂತ ಎದೆ ಒಡೆಯಿತು. ಬರವಣಿಗೆ ಬಿಟ್ಟು ಮತ್ತೆ ಕಲ್ಲಿದ್ದಲು ಹೊರುವುದೇ ಸರಿ ಅನ್ನಿಸಿತು.

ಅದರ ಬೆನ್ನಿಗೇ ಬಾಸ್ಟನ್ನಿನ ಬ್ಲ್ಯಾಕ್ ಕ್ಯಾಟ್ ಪತ್ರಿಕೆಯಿಂದ ಇನ್ನೊಂದು ಪತ್ರ ಬಂತು. ದೊಡ್ಡವರು ಮೂಗು ಮುರಿಯುವಂಥ ಅಗ್ಗದ ಪತ್ರಿಕೆ ಅದು, ವಿಚಿತ್ರ ಕಥೆಗಳಿಗೆ ಹೆಸರುವಾಸಿ. ಅದರ ಸಂಪಾದಕ ಅಂಬ್‌ಸ್ಟೇಟರ್ ಕಥೆಯ ಉದ್ದ ನೋಡಿ ದುಡ್ಡು ಕೊಡುವವನಲ್ಲ, ಕಥೆಯ ಕಸುವು ನೋಡಿ ಕೊಡುವವನು. ಜ್ಯಾಕ್ ಕಳಿಸಿದ್ದ ಕಥೆಯನ್ನು ಅರ್ಧಕ್ಕೆ ಇಳಿಸಲು ಒಪ್ಪಿದರೆ 40 ಡಾಲರ್ ತಕ್ಷಣ ಕಳಿಸುವುದಾಗಿ ತಿಳಿಸಿದ್ದ. ಜ್ಯಾಕ್ ಒಪ್ಪದೇ ಇರುತ್ತಾನಾ! ದುಡ್ಡು ಬಂತು. ಗಿರವಿ ವಸ್ತು ಬಿಡಿಸಿಕೊಂಡ, ಬಾಕಿ ತೀರಿಸಿದ. ಬರವಣಿಗೆಯಲ್ಲಿ ತನ್ನನ್ನು ಉಳಿಸಿದ್ದು ಆ 40 ಡಾಲರ್ ಅಂತ ಕೊನೆಯವರೆಗೂ ನೆನೆದ.

ಸರ್ಕಾರಿ ನೌಕರಿ ಬೇಡ ಅಂದ ದಿನ

ನಿಜವಾದ ಪರೀಕ್ಷೆ ಇನ್ನೂ ಬಾಕಿ ಇತ್ತು. 1899ರ ಜನವರಿಯಲ್ಲಿ ಅಂಚೆ ಇಲಾಖೆಯಿಂದ ಕರೆ ಬಂತು. ತಿಂಗಳಿಗೆ 65 ಡಾಲರ್ ಸಂಬಳದ ಖಾಯಂ ಕೆಲಸ. ಮನೆಯಲ್ಲಿ ಕಷ್ಟ ಹೇಳತೀರದು. ಈ ಸಲ ಬೇರೆಯವರಿಗೆ ಕೊಟ್ಟು, ಮುಂದಿನ ಸಲ ತನ್ನ ಹೆಸರು ಪರಿಗಣಿಸಬಹುದಾ ಅಂತ ಅಧಿಕಾರಿಯನ್ನು ಕೇಳಿದ. ಅಧಿಕಾರಿ ಸಿಡುಕಿದ, ಜ್ಯಾಕ್ ಕೆಲಸವೇ ಬೇಡ ಅಂದು ಎದ್ದು ಬಂದ. ಆಗ ಅವನಿಗೆ ವಯಸ್ಸು 23. ಕೈಯಲ್ಲಿ ಇದ್ದದ್ದು ಎರಡು ಪತ್ರಿಕೆಗಳ ಒಪ್ಪಿಗೆ ಮಾತ್ರ.

ಆ ವರ್ಷ ಪೂರ್ತಿ ದಿನವೂ ಬರೆದ. ಒಂದೇ ಪತ್ರಿಕೆಗೆ ಜೋತುಬೀಳಲಿಲ್ಲ. ಓವರ್‌ಲ್ಯಾಂಡ್‌ಗೆ ಇನ್ನಷ್ಟು ಹಿಮನಾಡಿನ ಕಥೆ ಕೊಟ್ಟ, ಏಕೆಂದರೆ ದುಡ್ಡು ಕಡಿಮೆಯಾದರೂ ದೊಡ್ಡ ಸಂಪಾದಕರ ಕಣ್ಣಿಗೆ ಹೆಸರು ಬೀಳುತ್ತಿತ್ತು. ಜೊತೆಗೇ ಹೆಚ್ಚು ಕೊಡುವ ಪತ್ರಿಕೆಗಳ ಬಾಗಿಲನ್ನೂ ತಟ್ಟುತ್ತಲೇ ಇದ್ದ. ಫಲ ಬೇಗ ಬಂತು. ಬಾಸ್ಟನ್ನಿನ ಪ್ರತಿಷ್ಠಿತ ಅಟ್ಲಾಂಟಿಕ್ ಮಂತ್ಲಿ 1900ರ ಜನವರಿ ಸಂಚಿಕೆಯಲ್ಲಿ ಅವನ ಕಥೆ ಹಾಕಿ 120 ಡಾಲರ್ ಕೊಟ್ಟಿತು. ಒಂದೇ ವರ್ಷದಲ್ಲಿ ಐದರಿಂದ ನೂರಿಪ್ಪತ್ತು! ಅದೇ ವರ್ಷ ಮೊದಲ ಕಥಾಸಂಕಲನ ಹೊರಬಂತು.

ಗೆದ್ದರೂ ಕಳೆದುಕೊಂಡದ್ದು

1903ರಲ್ಲಿ ಅವನ ‘ದಿ ಕಾಲ್ ಆಫ್ ದಿ ವೈಲ್ಡ್’ ಬಂತು. ಕ್ಲೊಂಡೈಕ್‌ನ ಜಾರುಬಂಡಿ ಎಳೆಯುವ ನಾಯಿಯ ಕಥೆ. ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆ ಧಾರಾವಾಹಿಗೆ 750 ಡಾಲರ್ ಕೊಟ್ಟಿತು. ಪುಸ್ತಕದ ಹಕ್ಕನ್ನು ಪ್ರಕಾಶಕರಿಗೆ 2000 ಡಾಲರ್‌ಗೆ ಒಂದೇ ಏಟಿಗೆ ಮಾರಿಬಿಟ್ಟ. ಪುಸ್ತಕ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು, ಆ ಮಾರಾಟದಲ್ಲಿ ಅವನಿಗೆ ಪಾಲು ಇರಲಿಲ್ಲ. ಕೈಯಲ್ಲಿ ಕಾಸಿಲ್ಲದ ರೈತ ಫಸಲು ಹೊಲದಲ್ಲಿರುವಾಗಲೇ ಗುತ್ತಿಗೆ ಮಾತಾಡಿದ ಹಾಗಾಯಿತು. ಆದರೂ ಆ ಪುಸ್ತಕದಿಂದ ಬಂದ ಹೆಸರು ಮುಂದಿನ ಪ್ರತಿ ಕಥೆಯ ಬೆಲೆ ಏರಿಸಿತು.

ತಾನು ಪಟ್ಟ ಪಾಡನ್ನು ಮುಚ್ಚಿಡಲಿಲ್ಲ. 1903ರಲ್ಲೇ ಹೊಸ ಬರಹಗಾರರಿಗಾಗಿ ಲೇಖನ ಬರೆದು, ಸ್ಫೂರ್ತಿ ಬರಲಿ ಅಂತ ಕಾಯದೆ ದಿನವೂ ಬರೆಯುವಂತೆ ತಿಳಿಹೇಳಿದ. 1909ರ ‘ಮಾರ್ಟಿನ್ ಈಡನ್’ ಕಾದಂಬರಿಯಲ್ಲಿ ತಿರಸ್ಕಾರದ ಚೀಟಿ, ಗಿರವಿ ಅಂಗಡಿ, ಖಾಲಿ ಹೊಟ್ಟೆ ಎಲ್ಲವೂ ಇವೆ. 1910ರಲ್ಲಿ ಕಥಾವಸ್ತು ಮಾರಲು ಬಂದ ಬಡ ಯುವಕನಿಂದ 14 ಕಥಾವಸ್ತುಗಳನ್ನು 70 ಡಾಲರ್‌ಗೆ ಕೊಂಡ. ಆ ಯುವಕ ಸಿಂಕ್ಲೇರ್ ಲೂಯಿಸ್, ಮುಂದೆ ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್.

ದುಡ್ಡು ಬಂದ ಹಾಗೇ ಹೋಗುತ್ತಿತ್ತು. ಹಡಗು ಕಟ್ಟಿಸಿದ, ಜಮೀನು ಕೊಂಡ, ನೆಂಟರಿಷ್ಟರನ್ನು ಸಾಕಿದ. ಕಲ್ಲು ಮರದಲ್ಲಿ ಕಟ್ಟಿಸಿದ ದೊಡ್ಡ ಮನೆ ಒಕ್ಕಲಾಗುವ ಮೊದಲೇ 1913ರಲ್ಲಿ ಸುಟ್ಟುಹೋಯಿತು. ಸಾಲ ತೀರಿಸಲು ಮತ್ತೆ ದಿನಕ್ಕೆ ಸಾವಿರ ಪದ. 1916ರ ನವೆಂಬರ್ 22ರಂದು ಗ್ಲೆನ್ ಎಲೆನ್‌ನ ತನ್ನ ತೋಟದಲ್ಲಿ ತೀರಿಕೊಂಡಾಗ ಜ್ಯಾಕ್ ಲಂಡನ್‌ಗೆ ಬರೀ 40 ವರ್ಷ. ಬರೆದ ಪುಸ್ತಕಗಳ ಲೆಕ್ಕ ಮಾತ್ರ ಆತನ ವಯಸ್ಸನ್ನೂ ಮೀರಿತ್ತು.